ಮೂರು ತಟ್ಟು, ನಾಲ್ಕು ತಟ್ಟು

ಫ್ರೀಜರಿನಲ್ಲಿರುವ ಪೊಟ್ಟಣವನ್ನು ಏನು ಮಾಡುವುದೆಂದು ಹೆಂಡತಿ ಕೇಳುತ್ತಿರುವುದು ಇದು ನಾಲ್ಕನೆಯ ದಿನ. ಗದರಿಸಿ ಏನೂ ಕೇಳಿರಲಿಲ್ಲ. ಹಾಲಿನ ಪಾತ್ರೆ ಒಳಗಿಡಲು ಬಾಗಿಲು ತೆರೆದವಳು ಬೆನ್ನು ತಿರುಗಿಸಿಕೊಂಡೇ, ಮಾಡೋದಾದರೆ ಮಾಡುತ್ತೇನೆ, ಇಲ್ಲವಾದರೆ ಪಕ್ಕದ ಮನೆಗೆ ಕೊಟ್ಟುಬಿಡುತ್ತೇನೆ, ಹೀಗೆ ಐಸಿನೊಳಗಿಟ್ಟು ಪೂಜೆ ಮಾಡೋಕಾಗತ್ತಾ ಎಂದಳು. ಅವನು ಬಾಗಿಲ ಬಳಿ ಕೂತು ಚೀಲಕ್ಕೆ ನೀರಿಗಿಳಿಯುವ ಮಾಸ್ಕು, ಕಾಲಿಗೆ ಹಾಕುವ ಫಿನ್ನು, ಬೇಯಿಸಿದ ಎರಡು ಮೊಟ್ಟೆ ತುಂಬುತ್ತಿದ್ದ. ಮೊಟ್ಟೆ ಬೇಯಿಸಿದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ಹನ್ನೊಂದು ವರ್ಷದಿಂದ ಶನಿವಾರ ಬೆಳಿಗ್ಗೆ ಎದ್ದ ಕೂಡಲೇ ಕೈ ತಾನಾಗಿ ಪಾತ್ರೆಗೆ ನೀರು ಹಾಕಿ ಮೊಟ್ಟೆ ಇಳಿಬಿಡುತ್ತಿತ್ತು. ಇವತ್ತೂ ಬಿಟ್ಟಿತ್ತು, ನೀರು ಕುದಿಯುವ ಹೊತ್ತಿಗಷ್ಟೇ ಅವನಿಗೆ ನೆನಪಾದದ್ದು. ನೆನಪಾದ ಮೇಲೂ ಒಲೆ ಆರಿಸಲಿಲ್ಲ. ಚಮಚ ತೆಗೆದುಕೊಳ್ಳುವಾಗ ಹೆಂಡತಿ ತಿರುಗಿ ನೋಡಿದಳು. ಮದುವೆಯಲ್ಲಿ ಬಂದ ಆರು ಚಮಚಗಳಲ್ಲಿ ಒಂದನ್ನು ಮೀನಿಗೆ ದಾನ ಮಾಡಿದ ಗಂಡ ಎಂದು ಅವಳು ಬಂದವರಿಗೆಲ್ಲ ಹೇಳಿ ನಗುವುದಿತ್ತು. ಇವತ್ತು ಅವಳು ಹಾಲಿನ ಪಾತ್ರೆ ಒಳಗಿಟ್ಟು ಫ್ರಿಜ್ಜಿನ ಬಾಗಿಲು ಹಾಕಿದಳು. ಅವನ ಮುಖದಲ್ಲಿ ಏನನ್ನೋ ಕಂಡು ಸುಮ್ಮನಾದಳೆಂದು ಅವನಿಗೆ ಅನ್ನಿಸಿತು, ಅದು ಮಾತಾಡಿದ್ದಕ್ಕಿಂತ ಹೆಚ್ಚು ಚುಚ್ಚಿತು. ಸಂಜೆ ಹೇಳ್ತೀನಿ ಎಂದು ಗೊಣಗಿ ಮೆಟ್ಟಿಲಿಳಿದ.

ಪೊಟ್ಟಣದಲ್ಲಿದ್ದದ್ದು ಮುದುಕಪ್ಪನ ಒಂದು ತುಂಡು.

ಮುದುಕಪ್ಪನೆಂದರೆ ದೊಡ್ಡ ಬಂಡೆಮೀನು. ದಡದಿಂದ ದೋಣಿಯಲ್ಲಿ ಒಂದೂಕಾಲು ಗಂಟೆ ಹೋದರೆ ಸಿಗುವ ಹವಳದ ದಿಬ್ಬದ ಕೆಳಗೆ, ಹದಿನೆಂಟು ಮೀಟರಿನ ಆಳದಲ್ಲಿ, ಚಪ್ಪಡಿಯಂತೆ ಚಾಚಿಕೊಂಡ ಬಂಡೆಯ ಅಡಿ ಅದರ ಮನೆ. ಪೀಪಾಯಿಯಂಥ ಮೈ, ಕಂದುಬಣ್ಣದ ಮೇಲೆ ಮಾಸಲು ಚುಕ್ಕೆ, ಯಾವಾಗಲೂ ಯಾರ ಮೇಲೋ ಬೇಸರಪಟ್ಟಂತೆ ಕೆಳಕ್ಕೆ ಬಾಗಿದ ದಪ್ಪ ತುಟಿ, ಆ ತುಟಿಯ ಎಡಮೂಲೆಯಲ್ಲಿ ಎಂದೋ ಯಾರದೋ ದಾರ ಕಿತ್ತುಕೊಂಡು ಬಂದಾಗ ಉಳಿದ ತುಕ್ಕುಹಿಡಿದ ಕೊಕ್ಕೆ. ವಾರಾಂತ್ಯಕ್ಕೆ ಮುಳುಗಲು ಬರುವವರನ್ನು ಕೆಳಗೆ ಕರೆದೊಯ್ದು ಮೇಲೆ ತರುವ ಗೈಡ್ ಅವನು. ದೋಣಿಯವರು ತಮಾಷೆಗೆ ಮುಳುಗಣ್ಣ ಎನ್ನುತ್ತಿದ್ದರು. ಕೆಳಗೆ ಹೋದ ಮೇಲೆ ಬೆನ್ನಿನ ಟ್ಯಾಂಕಿಗೆ ಚಮಚದಿಂದ ಮೂರು ಸಲ ತಟ್ಟಿ, ಒಂದು ಉಸಿರು ಬಿಟ್ಟು, ನಾಲ್ಕು ಸಲ ತಟ್ಟುತ್ತಿದ್ದ. ಆಗ ಬಂಡೆಯ ಕತ್ತಲೆಯಿಂದ ಮುದುಕಪ್ಪ, ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿದ ಹಿರಿಯರ ಹಾಗೆ, ಅವಸರವಿಲ್ಲದೆ ಹೊರಬರುತ್ತಿತ್ತು. ಅಂಗೈ ಮೇಲಿನ ಮೊಟ್ಟೆಯನ್ನು ಬೆರಳಿಗೆ ತಾಗದಂತೆ ಒಳಕ್ಕೆಳೆದುಕೊಂಡು, ಬಂದವರ ಮುಖವನ್ನು ಒಬ್ಬೊಬ್ಬರದಾಗಿ ನೋಡಿ, ಹಿಂತಿರುಗುತ್ತಿತ್ತು. ಜನ ಅದಕ್ಕಾಗಿಯೇ ಬರುತ್ತಿದ್ದರು. ಕೆಲವರು ಮಾಸ್ಕಿನೊಳಗೆ ಅಳುತ್ತಿದ್ದರು.

ಆ ಮೂರು ನಾಲ್ಕರ ನಡೆ ಅವನದಲ್ಲ, ಅಪ್ಪನದು. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ ಕಿಟಕಿಯ ಪಕ್ಕ ಕೂತು ಪದ್ಯ ಓದುತ್ತಿದ್ದರು. ಪುಸ್ತಕ ತೆರೆದಿರುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಬಲಗೈ ತೊಡೆಯ ಮೇಲೆ ಮೂರು ತಟ್ಟಿ ನಾಲ್ಕು ತಟ್ಟಿ ನಡೆಯುತ್ತಿತ್ತು, ಆ ನಡಿಗೆಯ ಮೇಲೆ ಪದಗಳು ಕಾವಡಿಯ ಕೊಡಗಳಂತೆ ತುಳುಕದೆ ಹೋಗುತ್ತಿದ್ದವು. ಅವನು ಗೋಡೆಗೆ ಒರಗಿ ಕೂತು ಕೇಳುತ್ತಿದ್ದ. ಒಂದು ಪದ್ಯವೂ ಬಾಯಿಗೆ ಬರಲಿಲ್ಲ. ಹತ್ತು ವರ್ಷದವನಿದ್ದಾಗ ಮನೆಗೆ ಬಂದ ನಾಲ್ಕು ಜನರ ಮುಂದೆ ಎಲ್ಲಿ ಒಂದು ಹೇಳು ಎಂದು ಅಪ್ಪ ಕೂರಿಸಿದಾಗ, ಬಾಯಿ ಒಣಗಿ, ಕೈ ಮಾತ್ರ ತೊಡೆಯ ಮೇಲೆ ತಟ್ಟುತ್ತಲೇ ಹೋಗಿತ್ತು. ಬಂದವರು ನಕ್ಕರು. ಅಪ್ಪ ನಗಲಿಲ್ಲ, ಇವನಿಗೆ ಪದ ಇಲ್ಲ, ಕಿವಿ ಇದೆ, ಅದೂ ದೇವರು ಕೊಟ್ಟಿದ್ದೇ ಎಂದರು. ಅದು ಹೊಗಳಿಕೆಯೋ ಕ್ಷಮೆಯೋ ಎಂದು ಅವನು ನಲವತ್ತೇಳರ ಈ ವಯಸ್ಸಿನಲ್ಲೂ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಯೋಚಿಸುತ್ತಿದ್ದ, ಅಷ್ಟರಲ್ಲಿ ಬಂದರಿನ ನಿಲ್ದಾಣ ಬಂದು ಕಂಡಕ್ಟರ್ ಕೂಗಿದ.

ಮೀನು ತೂಗುವ ಐಸ್ ಶೆಡ್ಡನ್ನು ಸುತ್ತುಬಳಸಿ ಹೋದ. ನೇರ ದಾರಿ ಅದರ ಮುಂದೆಯೇ ಇದ್ದರೂ ಮಂಗಳವಾರದಿಂದ ಅವನ ಕಾಲು ಆ ಕಡೆ ತಿರುಗುತ್ತಿರಲಿಲ್ಲ. ಮಂಗಳವಾರ ಅಲ್ಲಿ ಹಲ್ಲಿನ ಡಾಕ್ಟರು ಸಿಕ್ಕಿದ್ದರು. ಎರಡು ಮೂರು ಸಲ ಅವನ ಜೊತೆ ಮುಳುಗಿದ್ದವರು, ನಗುಮೊಗದ ಮನುಷ್ಯ, ಬಿಳಿ ಶುಭ್ರ ಕೈಗಳು. ತಿಂಗಳ ಹಿಂದೆ ದೋಣಿಯಲ್ಲಿ ಪಕ್ಕದಲ್ಲಿ ಕೂತು, ನಿಮ್ಮಂಥ ವಿದ್ಯೆ ಯಾರಿಗೂ ಇಲ್ಲ ಬಿಡಿ, ಮೀನಿನ ಕಿವಿಗೆ ಹೇಗೆ ಹಾಕಿದಿರಿ ಆ ಮಾತನ್ನ ಎಂದು ಕೇಳಿದ್ದರು. ಅವನು ಉಬ್ಬಿಹೋಗಿದ್ದ. ಪದವಿಲ್ಲದವನಿಗೆ ಆ ದಿನ ಎಲ್ಲಿಲ್ಲದ ಪದ ಬಂದಿತ್ತು. ಮಣಿಕಟ್ಟಿನ ದಾರದಿಂದ ಚಮಚ ಬಿಚ್ಚಿ ಡಾಕ್ಟರ ಕೈಗಿತ್ತು, ಮೂರಾದ ಮೇಲೆ ಒಂದು ಉಸಿರು ಬಿಡಬೇಕು ಸಾರ್, ಅವಸರ ಮಾಡಿದ್ರೆ ಬರಲ್ಲ ಎಂದು, ಖಾಲಿ ಟ್ಯಾಂಕಿನ ಮೇಲೆ ತಟ್ಟಿಸಿ, ತಪ್ಪಿದಾಗ ತಿದ್ದಿ ಕಲಿಸಿದ್ದ. ಡಾಕ್ಟರಿಗೆ ಸ್ವಂತ ಪುಟ್ಟ ದೋಣಿಯಿದೆ, ನೀರಿನಡಿ ಮೀನು ಹೊಡೆಯುವ ಈಟಿಗನ್ನಿದೆ ಎನ್ನುವುದು ಅವನಿಗೆ ತಿಳಿಯದ್ದಲ್ಲ. ತಿಳಿದಿತ್ತು, ಆ ಹೊತ್ತಿನಲ್ಲಿ ಅದು ಬೇರೆ ಯಾವುದೋ ಕೋಣೆಯಲ್ಲಿಟ್ಟ ಸಾಮಾನಿನ ಹಾಗೆ ಇತ್ತು. ಮಂಗಳವಾರ ಡಾಕ್ಟರು ಫೋನಿನ ಚಿತ್ರ ಮುಂದೆ ಹಿಡಿದು, ನೀವು ಹೇಳಿಕೊಟ್ಟಿದ್ದು ಅಂದ್ರೆ ಹೇಳಿಕೊಟ್ಟಿದ್ದೇ, ನಿನ್ನೆ ಎರಡನೇ ಸಲ ತಟ್ಟೋದ್ರೊಳಗೆ ಎದುರಿಗೆ ಬಂದು ನಿಂತುಬಿಡ್ತು, ಗುರಿ ಹಿಡಿಯೋ ಕೆಲಸವೇ ಇರಲಿಲ್ಲ ಎಂದರು. ಚಿತ್ರದಲ್ಲಿ ತುಟಿಯ ಮೂಲೆ ಖಾಲಿಯಿತ್ತು. ನನ್ನ ಕಸುಬು ನೋಡಿ, ಮೊದಲು ಆ ಕೊಕ್ಕೆ ಕಿತ್ತೆ, ಆಮೇಲೆ ತಕ್ಕಡಿಗೆ ಹಾಕಿದ್ದು ಎಂದು ಡಾಕ್ಟರು ನಕ್ಕರು. ಅವನೂ ನಕ್ಕ. ಅದೇ, ನಿದ್ದೆಯಲ್ಲೂ ಅವನನ್ನು ಎಬ್ಬಿಸಿ ಕೂರಿಸುತ್ತಿದ್ದದ್ದು ಆ ನಗು. ಹಲ್ಲು ಕಾಣುವಂತೆ ನಕ್ಕಿದ್ದ, ಒಳ್ಳೇದಾಯ್ತು ಸಾರ್ ಎಂದಿದ್ದ, ಗುರುದಕ್ಷಿಣೆ ಎಂದು ಕೊಟ್ಟ ಪೊಟ್ಟಣವನ್ನು ಎರಡೂ ಕೈ ಚಾಚಿ ತೆಗೆದುಕೊಂಡಿದ್ದ.

ಟೀಚರಮ್ಮ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು, ಒಬ್ಬರೇ. ಪ್ರತಿವರ್ಷ ಇದೇ ತಿಂಗಳಲ್ಲಿ ಗಂಡ ಹೆಂಡತಿ ಬರುತ್ತಿದ್ದರು. ಅವರು ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು, ಅವರ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಅರವತ್ತು ದಾಟಿದ ಮೇಲೆ ಈಜು ಕಲಿತು ಮುಳುಗಲು ಬಂದ ಜೋಡಿ ಎಂದು ದೋಣಿಯವರಿಗೆಲ್ಲ ಅಕ್ಕರೆ. ಗಡಿಯಾರದ ಸಾರ್ ಮೊದಲ ದಿನವೇ ಆ ತಾಳ ಹಿಡಿದಿದ್ದರು. ಇದಕ್ಕೊಂದು ನಡೆ ಇದೆ ಕಣ್ರೀ, ಇದು ಸುಮ್ಮನೆ ತಟ್ಟೋದಲ್ಲ ಎಂದು ದೋಣಿಯ ಅಂಚಿನ ಮೇಲೆ ಬೆರಳಿನಿಂದ ತಪ್ಪಿಲ್ಲದೆ ತಟ್ಟಿ ತೋರಿಸಿದ್ದರು. ಅವನಿಗೆ ಅಪ್ಪನ ನಂತರ ಆ ನಡೆಯನ್ನು ಕೇಳಿಸಿಕೊಂಡ ಇನ್ನೊಂದು ಕಿವಿ ಸಿಕ್ಕಿದಂತಾಗಿತ್ತು. ಹಲ್ಲಿನ ಡಾಕ್ಟರಿಗೆ ಕಲಿಸುವಾಗಲೂ ಅಂಥದೇ ಕಿವಿ ಎಂದುಕೊಂಡಿದ್ದನೇ? ಇಲ್ಲ. ಅಂದುಕೊಂಡಿರಲಿಲ್ಲ. ಸುಳ್ಳು ಹೇಳಿಕೊಳ್ಳಬಾರದು.

ಸಾರ್‌ಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿದೆ, ಏಳು ತಿಂಗಳಾಯಿತು ಎಂದು ಟೀಚರಮ್ಮ ಹಾಜರಿ ಓದುವಂತೆ ಹೇಳಿದರು. ಎಡಗೈ ಆಡುತ್ತೆ. ಮಾತು ಹೋಗಿದೆ, ನಾಲ್ಕೈದು ಉಳಿದಿವೆ. ನೀರು ಅಂತಾರೆ, ಬೇಡ ಅಂತಾರೆ, ತಂಗಿಯನ್ನು ಅಮ್ಮ ಅಂತಾರೆ. ನನ್ನ ನಾದಿನಿ, ಈಗ ಅವಳೇ ನೋಡಿಕೊಳ್ಳುತ್ತಿದ್ದಾಳೆ. ಆಮೇಲೆ ದಿನಾ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ, ಬಂದ್ನಾ ಅಂತ ಕೇಳ್ತಾರೆ. ಮೊದಮೊದಲು ಯಾರು ಎಂದು ನಮಗೆ ಅರ್ಥವಾಗಲಿಲ್ಲ. ಡಾಕ್ಟರು ಬರ್ತಾರೆ ಅಂದರೂ ಬೇಡ, ನಾದಿನಿಯ ಗಂಡ ಬಂದ ಅಂದರೂ ಬೇಡ. ಒಂದು ದಿನ ಮಂಚದ ಕಂಬಿಯ ಮೇಲೆ ಮೂರು, ಆಮೇಲೆ ನಾಲ್ಕು ತಟ್ಟಿದರು, ಆಗ ತಿಳಿಯಿತು.

"ಜಾಸ್ತಿ ದಿನ ಇಲ್ಲ ಅಂದಿದ್ದಾರೆ," ಎಂದರು ಟೀಚರಮ್ಮ. "ಮುದುಕಪ್ಪ ಬಂದಿದ್ದ, ನಿಮ್ಮನ್ನ ಕೇಳಿದ ಅಂತ ಹೋಗಿ ಹೇಳ್ಬೇಕು. ಅಷ್ಟಕ್ಕೇ ಬಂದಿದ್ದು ನಾನು. ಬರ್ತಾನೆ ತಾನೆ?"

ಈಗ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ದೋಣಿ ನಡೆಸುವವನು, ಏನು ಮುಳುಗಣ್ಣ, ದಡದಲ್ಲೇ ಮುಳುಗಿಬಿಟ್ಯಾ ಎಂದು ಕೂಗಿದ, ಹಗ್ಗ ಬಿಚ್ಚಿದರು, ಇಂಜಿನ್ನು ಗುಡುಗಿತು, ಅವನು ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ ಅವರೇ ತಿಳಿದುಕೊಳ್ಳುವಂತಾಯಿತು. ಅವರು ಹೌದೆಂದು ತಿಳಿದುಕೊಂಡರು. ದಾರಿಯುದ್ದಕ್ಕೂ, ಬೇರೆ ನಾಲ್ವರು ಗಿರಾಕಿಗಳು ಗಾಜಿಗೆ ಆವಿ ಹಿಡಿಯದಂತೆ ತಮ್ಮ ತಮ್ಮ ಮಾಸ್ಕಿಗೆ ಉಗುಳಿ ಒರೆಸಿಕೊಳ್ಳುತ್ತಿರುವಾಗ, ಅವನು ಬಾಯಲ್ಲಿ ವಾಕ್ಯವನ್ನು ಕಟ್ಟುತ್ತ ಒಡೆಯುತ್ತ ಇದ್ದ. ಸತ್ತುಹೋಯಿತು ಎನ್ನುವುದೋ, ಹೊಡೆದರು ಎನ್ನುವುದೋ, ಕೊಟ್ಟುಬಿಟ್ಟೆ ಎನ್ನುವುದೋ. ಮೂರರಲ್ಲಿ ಕೊನೆಯದೇ ನಿಜ. ಎರಡು ವರ್ಷದ ಹಿಂದೆ ಮೀನುಗಳ ಲೆಕ್ಕ ಬರೆಯಲು ಬಂದಿದ್ದ ಸಂಶೋಧಕಿ ಹುಡುಗಿ ಇದೇ ಹಲಗೆಯ ಮೇಲೆ ಕೂತು, ಅದಕ್ಕೆ ನಿಮ್ಮ ಕೈ ಬೇರೆ ಇನ್ನೊಬ್ಬರ ಕೈ ಬೇರೆ ಅಂತ ಗೊತ್ತಾಗಲ್ಲ ಅಂಕಲ್, ಕೈ ಅಂದ್ರೆ ಒಳ್ಳೇದು ಅಂತ ಕಲಿಸಿಬಿಟ್ಟಿದ್ದೀರಿ ಎಂದಿದ್ದಳು. ಅವನು ಅವಳಿಗೊಂದು ಬಾಳೆಹಣ್ಣು ಕೊಟ್ಟು ನಕ್ಕಿದ್ದ. ಎಲ್ಲದಕ್ಕೂ ನಗುವ ಬಾಯಿ.

ನೀರಿಗೆ ಬಿದ್ದ ಮೇಲೆ ಎಂದಿನಂತೆ ಹಗುರವಾಯಿತು, ಅದೇ ಅವಮಾನದ ಮಾತು. ಮನಸ್ಸು ಭಾರವಾಗಿದ್ದರೂ ಮೈ ತನ್ನ ಸುಖವನ್ನು ಬಿಟ್ಟುಕೊಡಲಿಲ್ಲ. ಲಂಗರಿನ ಹಗ್ಗ ಹಿಡಿದು ಇಳಿಯುತ್ತ ಹೋದಂತೆ ಬಣ್ಣಗಳಲ್ಲಿ ಕೆಂಪು ಮೊದಲು ಹೋಯಿತು, ಆಮೇಲೆ ಹಳದಿ. ಟೀಚರಮ್ಮನ ಕೆಂಪು ಕೈಗವಸು ಕಂದಾಗಿ ಕಪ್ಪಾಯಿತು. ಒಣಕಡ್ಡಿಗೆ ಬೆಂಕಿ ಹಿಡಿದಂತೆ ಸುತ್ತಲೂ ಸಿಗಡಿಗಳ ಚಿಟಪಟ. ಗಿಳಿಮೀನುಗಳು ಹವಳವನ್ನು ಕಟಕಟ ಕಡಿದು ಹಿಂದಿನಿಂದ ಬಿಳಿ ಮರಳನ್ನು ಸುರಿಸುತ್ತ ಹೋಗುತ್ತಿದ್ದವು. ಒಂದು ಕಡಲಾಮೆ, ಬೆನ್ನ ಮೇಲೆ ಪಾಚಿ ಹೊತ್ತು, ಪರಿಚಯದವರನ್ನು ದಾರಿಯಲ್ಲಿ ಕಂಡು ನಿಲ್ಲದೆ ಹೋಗುವವರಂತೆ ಪಕ್ಕದಲ್ಲೇ ದಾಟಿತು. ಮರಳಿನಲ್ಲಿ ಹುದುಗಿದ್ದ ಚಪ್ಪಟೆ ತೊರಕೆ ಮೀನು ಎದ್ದು ಮೈ ಕೊಡವಿ ದೂರ ಹೋಗಿ ಮತ್ತೆ ಹುದುಗಿತು. ಇವೆಲ್ಲ ಕಳೆದ ಶನಿವಾರದ ಹಾಗೇ ಇದ್ದವು. ಒಂದು ಮನೆಯಲ್ಲಿ ಸಾವಾದ ದಿನ ಬೀದಿ ತನ್ನ ಪಾಡಿಗೆ ತಾನು ನಡೆಯುವುದನ್ನು ಕಿಟಕಿಯಿಂದ ನೋಡಿದಂತೆ ಅವನು ನೋಡಿದ.

ನಾಲ್ವರನ್ನು ತನ್ನ ಜೊತೆ ಮುಳುಗುವ ಸಹಾಯಕಿಯೊಂದಿಗೆ ದಿಬ್ಬದ ಆ ಬದಿಗೆ ಕಳಿಸಿ, ಟೀಚರಮ್ಮನೊಡನೆ ಬಂಡೆಯ ಮುಂದೆ ಮಂಡಿಯೂರಿದ. ನೀರಿನೊಳಗೆ ಸನ್ನೆಗಳಿವೆ. ಸರಿ ಎನ್ನಲು ಇದೆ, ಸರಿಯಿಲ್ಲ ಎನ್ನಲು ಇದೆ. ಮೇಲೆ, ಕೆಳಗೆ, ಗಾಳಿ ಎಷ್ಟಿದೆ, ನಿಲ್ಲು, ನೋಡು. ನಿನ್ನೆ ಎನ್ನಲು ಸನ್ನೆಯಿಲ್ಲ. ತಪ್ಪಾಯಿತು ಎನ್ನಲು ಇಲ್ಲ. ಸತ್ತವರ ಬಗ್ಗೆ ಹೇಳಲು ಏನೂ ಇಲ್ಲ. ಹನ್ನೊಂದು ವರ್ಷ ಅವನು ಈ ಭಾಷೆಯಲ್ಲಿ ನೆಮ್ಮದಿಯಾಗಿದ್ದದ್ದೇ ಅದಕ್ಕೆಂದು ಈಗ ತಿಳಿಯಿತು. ಟೀಚರಮ್ಮ ಕಾಯುತ್ತಿದ್ದರು. ಅವನು ಚಮಚ ತೆಗೆದು ಟ್ಯಾಂಕಿಗೆ ತಟ್ಟಿದ. ಮೂರು. ಉಸಿರು. ನಾಲ್ಕು. ಬಂಡೆಯಡಿಯ ಕತ್ತಲೆ ಹಾಗೇ ಇತ್ತು. ಮತ್ತೆ ತಟ್ಟಿದ. ಯಾರನ್ನು ಕರೆಯುತ್ತಿದ್ದೇನೆ ಎಂದು ಯೋಚಿಸದಿರಲು ಇನ್ನೂ ಒಮ್ಮೆ ತಟ್ಟಿದ, ಮತ್ತು ನಾಚಿಕೆಯಿಲ್ಲದ ಮನಸ್ಸಿನ ಯಾವುದೋ ಮೂಲೆ, ಬರಬಹುದು, ಚಿತ್ರದಲ್ಲಿದ್ದದ್ದು ಬೇರೆ ಮೀನಿರಬಹುದು, ಕೊಕ್ಕೆಯಿರಲಿಲ್ಲವಲ್ಲ ಎಂದಿತು.

ಆಸ್ಪತ್ರೆಯಲ್ಲಿ ಅಪ್ಪನ ಬಾಯಿ ಕಟ್ಟಿದ ಮೇಲೆ ಅವನು ಹೀಗೆಯೇ ಮಂಚದ ಕಂಬಿಗೆ ಬೆರಳಿನಿಂದ ತಟ್ಟುತ್ತಿದ್ದ. ಅಪ್ಪ ಹೊದಿಕೆಯ ಮೇಲಿನಿಂದ ಉತ್ತರ ಕೊಡುತ್ತಿದ್ದರು, ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಅಷ್ಟರಲ್ಲೇ ತಂದೆ ಮಗನ ಮಾತೆಲ್ಲ ಮುಗಿಯುತ್ತಿತ್ತು, ಬಾಯಿದ್ದಾಗಲೂ ಅವರು ಅಷ್ಟು ಮಾತಾಡಿರಲಿಲ್ಲ. ಕೊನೆಯ ಶುಕ್ರವಾರ ಸಂಜೆ ಅಪ್ಪ ಮೂರು ತಟ್ಟಿದರು. ನಾಲ್ಕು ಬರುವ ಮೊದಲೇ ನರ್ಸ್ ಬಂದು, ಸೂಜಿ ಕಳಚುತ್ತೆ ಎಂದು ಆ ಕೈಯನ್ನು ನೇರ ಮಾಡಿ ಪಟ್ಟಿ ಸುತ್ತಿ ಹಲಗೆಗೆ ಕಟ್ಟಿದಳು. ಅವನು ನಾಳೆ ಬರ್ತೀನಪ್ಪ ಎಂದು ಎದ್ದ. ಮರುದಿನ ಶನಿವಾರ, ದೋಣಿಯಿತ್ತು. ಅಪ್ಪ ಹೋದ ಹೊತ್ತಿಗೆ ಅವನು ಇದೇ ದಿಬ್ಬದ ಮೇಲೆ, ದೋಣಿಯಲ್ಲಿ ಕೂತು, ಗಿರಾಕಿಗಳ ಫಿನ್ನು ತೊಳೆಯುತ್ತಿದ್ದ.

ಟೀಚರಮ್ಮ ಅವನ ಕೈಯಿಂದ ಚಮಚ ತೆಗೆದುಕೊಂಡರು. ಗಂಡ ತಟ್ಟುತ್ತಿದ್ದ ರೀತಿಯಲ್ಲಿ, ಸ್ವಲ್ಪ ನಿಧಾನವಾಗಿ, ತಮ್ಮ ಟ್ಯಾಂಕಿನ ಪಕ್ಕಕ್ಕೆ ತಟ್ಟಿದರು. ಆಗ ಕತ್ತಲೆ ಅಲುಗಿತು. ಹೊರಗೆ ಬಂದದ್ದು ಒಂದು ಚಿಕ್ಕ ಬಂಡೆಮೀನು, ಮೊಳದುದ್ದದ್ದು, ಇನ್ನೂ ಚುಕ್ಕೆಗಳು ಗಾಢವಾಗಿದ್ದದ್ದು. ಮುದುಕಪ್ಪನ ಬಾಯಿಂದ ಉದುರಿದ ಮೊಟ್ಟೆಯ ಹಳದಿಯ ಪುಡಿಗಾಗಿ ಹಿಂದೆ ಎಲ್ಲೋ ಕಾಯುತ್ತಿದ್ದಿರಬೇಕು. ಅವನು ಅದನ್ನು ಎಂದೂ ಗಮನಿಸಿರಲಿಲ್ಲ. ಕೇಳಿ ಕೇಳಿ ಕಲಿತಿತ್ತು, ಗೋಡೆಗೊರಗಿ ಕೂತು. ಅದೇ ನಿಧಾನದಲ್ಲಿ, ಹಿರಿಯನ ನಡಿಗೆಯನ್ನು ಮೈಮೇಲೆ ಹಾಕಿಕೊಂಡ ಹಾಗೆ ಬಂದು ಟೀಚರಮ್ಮನ ಚಾಚಿದ ಅಂಗೈಯ ಎದುರು ನಿಂತಿತು. ಅವರ ಮಾಸ್ಕಿನೊಳಗೆ ಕಣ್ಣು ಅರಳಿತು.

ಅವನು ಚಮಚ ಕಿತ್ತುಕೊಂಡು ಮೀನಿನ ಮೂತಿಗೆ ಹೊಡೆದ. ನೀರಿನೊಳಗೆ ಏಟು ಮೆತ್ತಗಾಗುತ್ತದೆ. ಅದಕ್ಕೇ ಮತ್ತೆ ಹೊಡೆದ, ಇನ್ನಷ್ಟು ಬಲವಾಗಿ. ಮೀನು ಒಂದು ಕ್ಷಣ ಹಾಗೇ ನಿಂತಿತು, ಇದೇನೋ ತಪ್ಪಾಗಿರಬೇಕು ಎಂಬಂತೆ ಅವನ ಮುಖ ನೋಡಿತು, ಮತ್ತೆ ಕೈಯ ಕಡೆಗೇ ಬಂತು. ಮೂರನೆಯ ಸಲ ಹೊಡೆದಾಗ ತಿರುಗಿ ಬಂಡೆಯೊಳಕ್ಕೆ ನುಗ್ಗಿತು. ಅದರ ಮೈಯಿಂದ ಕಳಚಿದ ಒಂದು ಹುರುಪೆ ಬೆಳಕಿನಲ್ಲಿ ಹೊರಳುತ್ತ ಹೊರಳುತ್ತ ಮರಳಿಗೆ ಇಳಿಯಿತು. ಟೀಚರಮ್ಮ ಹಿಂದಕ್ಕೆ ಸರಿದಿದ್ದರು. ತರಗತಿಯಲ್ಲಿ ಮಗುವಿಗೆ ಹೊಡೆದವನನ್ನು ಬಾಗಿಲಲ್ಲಿ ನಿಂತು ನೋಡುವ ನೋಟ. ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರು: ಸರಿ ಇದ್ದೀರಾ? ಆ ಸನ್ನೆಗೆ ಉತ್ತರ ಕೊಡಲೇಬೇಕು, ಅದು ಇಲ್ಲಿನ ಮೊದಲ ನಿಯಮ, ಅವನೇ ಎಲ್ಲರಿಗೂ ಕಲಿಸುವುದು. ಅವನು ಅಂಗೈ ಚಪ್ಪಟೆ ಮಾಡಿ ಅತ್ತಿತ್ತ ಓಲಾಡಿಸಿದ. ಸರಿಯಿಲ್ಲ.

ಮೇಲೆ ಬರುವಾಗ ಐದು ಮೀಟರಿನಲ್ಲಿ ಹಗ್ಗ ಹಿಡಿದು ಮೂರು ನಿಮಿಷ ನಿಂತು ಮೈಗೆ ಸೇರಿದ ಗಾಳಿಯನ್ನು ಬಿಡಿಸಿಕೊಳ್ಳಬೇಕು. ಒಂದು ಲೋಳೆಮೀನು ಅವರಿಬ್ಬರ ನಡುವೆ ಮುಚ್ಚುತ್ತ ತೆರೆಯುತ್ತ ಹಾದುಹೋಯಿತು. ಆ ಮೂರು ನಿಮಿಷ ಅವರು ಅವನ ಮುಖವನ್ನೇ ನೋಡುತ್ತಿದ್ದರು, ಅವನು ಗಡಿಯಾರ ನೋಡುತ್ತಿದ್ದ.

ಎರಡು ಮುಳುಗಿನ ನಡುವೆ ಒಂದು ಗಂಟೆ ದೋಣಿಯಲ್ಲೇ ಕಾಯುವುದು ಪದ್ಧತಿ. ದೋಣಿ ನಡೆಸುವವನು ಚೀಲ ನೋಡಿ, ಏನು, ಮುದುಕಪ್ಪಂದು ಇವತ್ತು ಉಪವಾಸವಾ, ಹಾಗಾದ್ರೆ ಅವನ ಪಾಲು ನಂಗೆ ಎಂದು ಎರಡೂ ಮೊಟ್ಟೆ ಸುಲಿದು ತಿಂದ. ಉಳಿದವರು ಆಮೆಯ ಫೋಟೊ ನೋಡುತ್ತ ಮುಂಭಾಗದಲ್ಲಿ ಗದ್ದಲ ಮಾಡುತ್ತಿದ್ದರು. ಟೀಚರಮ್ಮ ಟವೆಲ್ ಹೊದ್ದು ಹಿಂಬದಿಯ ಹಲಗೆಗೆ ಬಂದು ಅವನ ಪಕ್ಕ ಕೂತರು. ಏನಾಯಿತೆಂದು ಕೇಳಿದ್ದರೆ ಅವನು ಮತ್ತೆ ನಗುತ್ತಿದ್ದನೋ ಏನೋ.

"ಟೀಚರಮ್ಮ, ಮುದುಕಪ್ಪ ಇಲ್ಲ," ಎಂದ.

"ಇಲ್ಲ ಅಂದ್ರೆ? ಜಾಗ ಬಿಟ್ಟು ಹೋದ್ನಾ?"

"ಸತ್ತ. ಸೋಮವಾರ ಹೊಡೆದ್ರು. ತಟ್ಟಿ ಕರೆದು ಹೊಡೆದ್ರು. ಹೇಗೆ ತಟ್ಟಬೇಕು ಅಂತ ಹೇಳಿಕೊಟ್ಟವನು ನಾನೇ."

ಅವರು ಟವೆಲಿನ ಅಂಚಿನ ನೂಲನ್ನು ಎಳೆದರು. "ಬೆಳಿಗ್ಗೆ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಕೆಳಗೆ ಯಾರನ್ನ ಕರೀತಿದ್ರಿ?"

ಆ ಚಿಕ್ಕದು ಇನ್ನು ಮೇಲೆ ಯಾರ ಕೈಗೂ ಬರಬಾರದು, ಅದಕ್ಕೇ ಹೊಡೆದೆ ಎಂದ. ಒಂದು ತುಂಡು ನಮ್ಮ ಮನೆಯಲ್ಲಿದೆ ಎಂದೂ ಹೇಳಿಬಿಟ್ಟ, ಕೊಟ್ಟರು, ತಗೊಂಡೆ. ತಿಂದಿರಾ ಎಂದು ಕೇಳಿದರು. ಇಲ್ಲ ಎಂದ. ಇಟ್ಟುಕೊಂಡು ಏನು ಮಾಡ್ತೀರಿ ಎಂದರು, ಥೇಟು ಅವನ ಹೆಂಡತಿಯ ದನಿಯಲ್ಲಿ, ಬೈಗುಳವಿಲ್ಲದೆ, ಮನೆಯ ಹೆಂಗಸರು ಕೆಡುವ ವಸ್ತುವಿನ ಬಗ್ಗೆ ಕೇಳುವ ಹಾಗೆ. ಅವನು ಚಮಚದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡ. ಅವರು ಅವನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಪ್ಪು ಉತ್ತರ ಬರೆದ ಹುಡುಗನ ಪಕ್ಕದಲ್ಲಿ ಕೂತು ಎಲ್ಲಿ ತಪ್ಪಿತೆಂದು ತಾವೂ ನೋಡುತ್ತಿರುವಂತೆ ಕೂತಿದ್ದರು.

"ಹಡಗುಕಟ್ಟೆ ಹತ್ತಿರ ಬಂದ ಕೂಡ್ಲೇ ಫೋನು ಸಿಗುತ್ತೆ," ಎಂದರು ಕೊನೆಗೆ. "ನಾದಿನಿ ಅವರ ಕಿವಿಗೆ ಹಿಡೀತಾಳೆ. ಬಂದ್ನಾ ಅಂತ ಕೇಳ್ತಾರೆ. ಮೂವತ್ತೆರಡು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂದ ಬಾಯಿ ಇದು, ನನ್ನ ಕೈಲಾಗಲ್ಲ. ನಿಜ ಹೇಳೋದೂ ಆಗಲ್ಲ. ನೀವು ಹೇಳಿ. ಏನು ಹೇಳ್ತೀರೋ ಅದು ನಿಮಗೆ ಬಿಟ್ಟಿದ್ದು."

ಎರಡನೆಯ ಸಲ ಮುಳುಗುವಾಗ ಬೇರೆ ಕಡೆ ಹೋಗೋಣವೇ ಎಂದು ಕೇಳಿದ. ಅಲ್ಲಿಗೇ ಎಂದರು. ನೀರು ಸ್ವಲ್ಪ ಮಬ್ಬಾಗಿತ್ತು. ಅದೇ ಬಂಡೆಯ ಮುಂದೆ ಮಂಡಿಯೂರಿ ಅವರೇ ತಟ್ಟಿದರು, ಮೂರು, ನಾಲ್ಕು. ಅವನು ಕಣ್ಣು ಮುಚ್ಚಿಕೊಂಡ. ದೇವರೇ ಬರದೇ ಇರಲಿ ಎಂದ. ಆ ನಡೆಗೆ ಹನ್ನೊಂದು ವರ್ಷ ಬಾ ಎಂಬ ಒಂದೇ ಅರ್ಥವಿತ್ತು, ಅದಕ್ಕೂ ಮೊದಲು ಅಪ್ಪನ ತೊಡೆಯ ಮೇಲೆ ಎಷ್ಟೋ ವರ್ಷ ಯಾವ ಅರ್ಥವೂ ಬೇಕಿರಲಿಲ್ಲ, ಈಗ ಅದನ್ನು ತಟ್ಟಿಸಿಕೊಂಡು ಅವನು ಬರಬೇಡ ಎಂದು ಬೇಡುತ್ತಿದ್ದ. ಕಣ್ಣು ತೆರೆದಾಗ ಬಂಡೆಯಡಿ ಎರಡು ಕಣ್ಣು ಕಂಡವು. ಮೀನು ಒಂದು ಗೇಣು ಮುಂದೆ ಬಂತು. ಅವನ ಕೈಯನ್ನು ನೋಡಿತು. ಹಿಂದಕ್ಕೆ ಸರಿದು ಕತ್ತಲೆಯಾಯಿತು. ಟೀಚರಮ್ಮ ಇನ್ನೊಮ್ಮೆ ತಟ್ಟಿದರು, ಕಾದರು, ಬರಲಿಲ್ಲ. ಬೇಡಿದ್ದು ಸಿಕ್ಕಿತ್ತು. ಅವನ ಮಾಸ್ಕಿನ ತಳದಲ್ಲಿ ನೀರು ನಿಂತಿತು, ಹೊರಗಿನ ನೀರಲ್ಲ, ಮೂಗಿನಿಂದ ಊದಿ ಹೊರಹಾಕಿದ. ಟೀಚರಮ್ಮ ಬೆರಳು ಸೇರಿಸಿ ಸೊನ್ನೆ ತೋರಿಸಿದರು. ಪ್ರಶ್ನೆಗೂ ಉತ್ತರಕ್ಕೂ ಅದೊಂದೇ ಸನ್ನೆ. ಕೇಳುತ್ತಿದ್ದಾರೋ ಹೇಳುತ್ತಿದ್ದಾರೋ ತಿಳಿಯಲಿಲ್ಲ.

ವಾಪಸು ಬರುವಾಗ ಗಾಳಿ ಎದುರಿತ್ತು. ಗಿರಾಕಿಗಳಲ್ಲಿ ಇಬ್ಬರು ನಿದ್ದೆಹೋಗಿದ್ದರು. ಹಡಗುಕಟ್ಟೆಯ ಕೆಂಪು ದೀಪದ ಕಂಬ ಕಂಡ ಕೂಡಲೇ ಟೀಚರಮ್ಮ ಪ್ಲಾಸ್ಟಿಕ್ ಚೀಲ ಬಿಡಿಸಿ ಫೋನು ತೆಗೆದರು. ಇಂಜಿನ್ ಸ್ವಲ್ಪ ಕಡಿಮೆ ಮಾಡು ಎಂದು ಅವನು ಹೇಳಿದ, ದೋಣಿ ನಡೆಸುವವನು ಏನೋ ಜೋಕು ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ ಮುಚ್ಚಿಕೊಂಡು ಇಂಜಿನ್ನನ್ನೇ ಆರಿಸಿಬಿಟ್ಟ. ನೀರು ದೋಣಿಯ ಪಕ್ಕಕ್ಕೆ ಬಡಿಯುವುದು ಕೇಳಿಸತೊಡಗಿತು. ನಾದಿನಿಯೊಡನೆ ಟೀಚರಮ್ಮ ಎರಡು ಮಾತಾಡಿ, ಊಟ ಆಯಿತಾ, ಮಾತ್ರೆ ಕೊಟ್ಟೆಯಾ ಎಂದು ಕೇಳಿ, ಸ್ಪೀಕರಿಗೆ ಹಾಕಿ, ಫೋನನ್ನು ಅವನ ಅಂಗೈ ಮೇಲಿಟ್ಟರು, ಮೊಟ್ಟೆ ಇಡುವ ಹಾಗೆ. ಆಮೇಲೆ ಮುಖ ತಿರುಗಿಸಿ ನೀರು ನೋಡುತ್ತ ಕೂತರು.

ಆ ಕಡೆ ಉಸಿರು ಕೇಳಿಸುತ್ತಿತ್ತು. ಮಂಚದ ಹತ್ತಿರ ಎಲ್ಲೋ ಫ್ಯಾನು ತಿರುಗುತ್ತಿತ್ತು. "ಬಂ... ಬಂದ್ನಾ?" ಎಂಬ ದನಿ ಬಂತು, ಅದು ಗಡಿಯಾರದ ಸಾರ್ ದನಿಯೆಂದು ಅವನು ನಂಬಬೇಕಾಯಿತು.

ಬಂದ ಸಾರ್ ಎನ್ನಲು ಬಾಯಿ ಆಗಲೇ ಅಗಲವಾಗಿತ್ತು. ಕೆನ್ನೆಯ ಸ್ನಾಯುಗಳು ಐಸ್ ಶೆಡ್ಡಿನ ಆ ನಗುವಿಗೆ ತಾವಾಗಿ ಎದ್ದುನಿಂತಿದ್ದವು. ಅವನು ಬಾಯಿ ಮುಚ್ಚಿದ. ಇಲ್ಲ ಎನ್ನುವ ಪದವೂ ಅವನಲ್ಲಿರಲಿಲ್ಲ. ನಾಲ್ಕು ಜನರ ಮುಂದೆ ಕೂತ ಹತ್ತು ವರ್ಷದವನ ಒಣಗಿದ ಬಾಯಿಯೇ ಇದ್ದದ್ದು, ಮತ್ತು ಕೈ. ಮಣಿಕಟ್ಟಿನ ದಾರದಲ್ಲಿ ತೂಗುತ್ತಿದ್ದ ಚಮಚ ಹಿಡಿದು, ಫೋನನ್ನು ಹತ್ತಿರ ಒಯ್ದು, ದೋಣಿಯ ಕಂಬಿಯ ಮೇಲೆ ಮೂರು ತಟ್ಟಿದ. ಒಂದು ಉಸಿರು ಬಿಟ್ಟ. ನಾಲ್ಕು ತಟ್ಟಿದ.

ಆ ಕಡೆಯಿಂದ ಏನೂ ಬರಲಿಲ್ಲ. ಫ್ಯಾನು ತಿರುಗುತ್ತಲೇ ಇತ್ತು. ನಾದಿನಿ ಏನೋ ಕೇಳಿದಳು, ಯಾರನ್ನೂ ಅಲ್ಲ. ದೋಣಿ ಅಲೆಯ ಜೊತೆ ನಿಧಾನವಾಗಿ ತಿರುಗಿ ದಡಕ್ಕೆ ಬೆನ್ನು ಮಾಡಿತು. ಆಮೇಲೆ, ಬಹಳ ದೂರದಿಂದ, ಕಬ್ಬಿಣದ ಕಂಬಿಗೆ ಉಗುರು ತಾಗಿದ ಸದ್ದು ಕೇಳಿಸಿತು. ಒಂದು. ಎರಡು. ಮೂರು.

ಟೀಚರಮ್ಮ ತಿರುಗಿ ನೋಡಿದರು. ಅವನು ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ನಾಲ್ಕಕ್ಕಾಗಿ ಕಾದ.